ಅರ್ಧ ಮಾತ್ರ ಕೇಳಿಸುವ ಕರೆ

ಒಬ್ಬ ಗಂಡಸು ಬಾರಿನಿಂದ ಫೋನ್ ಮಾಡಿದ್ದಾನೆ. ಆ ಕಡೆ ಫೋನ್ ಎತ್ತಿರುವವಳು ಅವನು ಪ್ರೀತಿಸುವ ಹೆಣ್ಣು. ಅವಳ ಪಕ್ಕದಲ್ಲಿ ಈಗ ಇನ್ನೊಬ್ಬ ಇದ್ದಾನೆ, ಅದು ಇವನಿಗೂ ಗೊತ್ತು. ಬಾರಿನಲ್ಲಿ ಜೂಕ್‌ಬಾಕ್ಸ್ ಹಾಡುತ್ತಿದೆ. ಇವನು ಕೂಗಾಡುವುದಿಲ್ಲ, ಬೈಯುವುದಿಲ್ಲ, ಅಳುವುದೂ ಇಲ್ಲ. ಅವಳ ದನಿ ಇನ್ನಷ್ಟು ಹತ್ತಿರ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಜೂಕ್‌ಬಾಕ್ಸಿನ ಸದ್ದು ತಗ್ಗಿಸುವಂತೆ ಬಾರಿನವನಿಗೆ ಹೇಳುವ ಹೊಣೆ ತನ್ನದು, ಪಕ್ಕದಲ್ಲಿರುವವನನ್ನು ಕಳಿಸುವ ಹೊಣೆ ಅವಳದು ಎನ್ನುತ್ತಾನೆ. ಎರಡೂವರೆ ನಿಮಿಷದೊಳಗೆ ಹಾಡು ಮುಗಿಯುತ್ತದೆ. ಅವಳು ಏನು ಹೇಳಿದಳು ಎಂಬುದು ನಮಗೆ ಕೊನೆಗೂ ಗೊತ್ತಾಗುವುದಿಲ್ಲ.

‘ಹೀಲ್ ಹ್ಯಾವ್ ಟು ಗೋ’ ಎಂಬ ಈ ಹಾಡನ್ನು ಅಮೆರಿಕದ ಜಿಮ್ ರೀವ್ಸ್ 1959ರ ಅಕ್ಟೋಬರ್ 15ರಂದು ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೊದಲ್ಲಿ ಹಾಡಿದ. ಮರುವರ್ಷದ ಆರಂಭದಲ್ಲಿ ಅದು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯ ತುದಿಗೇರಿ ಸತತ 14 ವಾರ ಅಲ್ಲೇ ನಿಂತಿತು. ಎಲ್ಲ ಬಗೆಯ ಹಾಡುಗಳಿಗೂ ಸೇರಿದ ‘ಹಾಟ್ 100’ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಬಂತು. ಮೊದಲ ಸ್ಥಾನ ತಪ್ಪಿಸಿದ್ದು ಪರ್ಸಿ ಫೇಯ್ತ್ ವಾದ್ಯವೃಂದದ ‘ಎ ಸಮ್ಮರ್ ಪ್ಲೇಸ್’ ಸಿನಿಮಾ ಸಂಗೀತ. ವಿರಹದ ಹಾಡುಗಳಿಗೆ ಕಂಟ್ರಿ ಸಂಗೀತದಲ್ಲಿ ಯಾವ ಕಾಲಕ್ಕೂ ಬರವಿಲ್ಲ. ಅಷ್ಟರ ನಡುವೆ ಇದೊಂದು ಬೇರೆಯಾಗಿ ನಿಲ್ಲಲು ಕಾರಣ ಅದರ ಕಟ್ಟೋಣ. ನಾವು ಕೇಳುತ್ತಿರುವುದು ಒಂದು ಫೋನ್ ಕರೆಯ ಒಂದೇ ತುದಿ. ಬಯಕೆ ಎಂದರೇನು ಎಂದು ವಿವರಿಸುವ ಬದಲು, ಬಯಸುವವನಿಗೆ ಎಷ್ಟು ಗೊತ್ತೋ ಅಷ್ಟನ್ನೇ ಕೇಳುಗನಿಗೂ ಕೊಟ್ಟು ಅದು ಸುಮ್ಮನಾಗುತ್ತದೆ.

ಮೂರನೆಯ ಚರಣದಲ್ಲಿ ಈ ಕಟ್ಟೋಣದ ನಿಜವಾದ ಜಾಣ್ಮೆ ಇದೆ. ಪಕ್ಕದಲ್ಲಿ ಇನ್ನೊಬ್ಬನಿರುವಾಗ ತಾನು ಕೇಳಬಯಸುವ ಮಾತನ್ನು ಅವಳು ಬಾಯಿಬಿಟ್ಟು ಆಡಲಾರಳು ಎಂಬುದು ಅವನಿಗೆ ಹೊಳೆಯುತ್ತದೆ. ಹಾಗಾಗಿ ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಸಾಕು, ಉಳಿದದ್ದು ತನಗೆ ಅರ್ಥವಾಗುತ್ತದೆ ಎನ್ನುತ್ತಾನೆ. ಕದ್ದು ಫೋನಿನಲ್ಲಿ ಮಾತಾಡಿದ ಯಾರಿಗಾದರೂ ಇದು ಗೊತ್ತು: ಮನೆಯವರು ಕೋಣೆಯಲ್ಲಿದ್ದಾಗ ನಾವು ಹೂಂ, ಉಹೂಂ, ಆಮೇಲೆ ಎಂಬಷ್ಟರಲ್ಲೇ ಇಡೀ ಸಂಸಾರ ನಡೆಸುತ್ತೇವೆ. ಅವಳ ಪಾಡನ್ನು ಅವನು ತನ್ನ ಪಾಡಿಗಿಂತ ಮುಂದಿಟ್ಟು ಯೋಚಿಸುವ ಒಂದೇ ಗಳಿಗೆ ಅದು. ಎರಡನೆಯ ಚರಣದಲ್ಲಿ ಅಸೂಯೆ ಇತ್ತು, ಒತ್ತಾಯವಿತ್ತು, ಫೋನ್ ಇಟ್ಟುಬಿಡಲೇ ಎಂಬ ಸಣ್ಣ ಬೆದರಿಕೆಯೂ ಇತ್ತು. ಇಲ್ಲಿಗೆ ಬರುವಷ್ಟರಲ್ಲಿ ಅವನು ಮೆತ್ತಗಾಗಿದ್ದಾನೆ. ಇಷ್ಟು ಚಿಕ್ಕ ಹಾಡಿನಲ್ಲಿ ಮನುಷ್ಯನೊಬ್ಬ ಇಷ್ಟು ಬದಲಾಗುವುದನ್ನು ನಾನು ಬೇರೆಲ್ಲೂ ಹೆಚ್ಚಾಗಿ ಕೇಳಿಲ್ಲ.

ಹಾಡು ಬರೆದವರು ಜೋ ಆಲಿಸನ್ ಮತ್ತು ಆಡ್ರಿ ಆಲಿಸನ್ ಎಂಬ ದಂಪತಿ. ಜೋ ಟೆಕ್ಸಸ್ ಕಡೆಯವನು, ರೇಡಿಯೊದಲ್ಲಿ ಹಾಡು ಹಾಕುವ ಕೆಲಸ ಮಾಡಿಕೊಂಡಿದ್ದವನು. 1957ರಲ್ಲಿ ಟಾಮಿ ಸ್ಯಾಂಡ್ಸ್ ಹಾಡಿ ಹೆಸರಾದ ‘ಟೀನ್ ಏಜ್ ಕ್ರಶ್’ ಈ ಜೋಡಿಯದೇ ರಚನೆ. ಹೊಸ ಹಾಡಿನ ಹುಟ್ಟಿನ ಬಗ್ಗೆ ಚಾಲ್ತಿಯಲ್ಲಿರುವ ಕತೆ ಸರಳವಾಗಿದೆ. ಆಡ್ರಿಯದು ಬಲು ಮೆತ್ತನೆಯ ದನಿ. ಫೋನಿನಲ್ಲಿ ಆಕೆ ಮಾತಾಡಿದರೆ ಜೋಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ರಿಸೀವರನ್ನು ಬಾಯಿಗೆ ಹತ್ತಿರ ಹಿಡಿ ಎಂದು ಅವನು ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು. ದಿನನಿತ್ಯದ ಆ ಮಾತೇ ಹಾಡಿನ ಮೊದಲ ಸಾಲಿಗೆ ಬೀಜವಾಯಿತು.

ಅಂದಿನ ಫೋನುಗಳನ್ನು ಬಳಸಿದವರಿಗೆ ಆ ಬೇಡಿಕೆಯಲ್ಲಿ ಅತಿಶಯವೇನೂ ಕಾಣದು. ರಿಸೀವರಿನ ಬಾಯಿಯ ಭಾಗದಲ್ಲಿ ಇದ್ದದ್ದು ಇಂಗಾಲದ ಹರಳುಗಳ ಪುಟ್ಟ ಡಬ್ಬಿ. ದನಿಯ ಒತ್ತಡಕ್ಕೆ ಹರಳುಗಳು ಬಿಗಿಯಾಗುತ್ತ ಸಡಿಲವಾಗುತ್ತ ಅವುಗಳ ಮೂಲಕ ಹಾಯುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತಿದ್ದವು. ಬಾಯಿ ನಾಲ್ಕು ಬೆರಳು ದೂರ ಸರಿದರೂ ದನಿ ಕುಗ್ಗಿಬಿಡುತ್ತಿತ್ತು. ಹತ್ತಿರ ಬಾ ಎಂದು ಫೋನಿನಲ್ಲಿ ಹೇಳುವುದು ಆಗ ತಾಂತ್ರಿಕ ಸೂಚನೆಯೂ ಹೌದು, ಪ್ರೇಮದ ಮಾತೂ ಹೌದು. ಎರಡೂ ಒಂದೇ ಮಾತಾಗಿ ಒದಗಿದ್ದನ್ನು ಆಲಿಸನ್ ದಂಪತಿ ಗುರುತಿಸಿದರು.

ಮೊದಲು ಈ ಹಾಡನ್ನು ಬಿಲ್ಲಿ ಬ್ರೌನ್ ಎಂಬ ಗಾಯಕ ಹಾಡಿದ. ಅದು ಓಡಲಿಲ್ಲ. ನಂತರ ರೀವ್ಸ್ ಕೈಗೆ ಬಂತು. ಹಾಡಿಗೆ ಬೇಕಿದ್ದ ದನಿ ಅವನಲ್ಲಿ ಹುಟ್ಟಿನಿಂದ ಇತ್ತು ಎಂದುಕೊಂಡರೆ ತಪ್ಪಾಗುತ್ತದೆ. ಅದು ಅವನು ಹಲವು ದಾರಿ ತುಳಿದು ಗಳಿಸಿಕೊಂಡದ್ದು.

ರೀವ್ಸ್ ಹುಟ್ಟಿದ್ದು 1923ರ ಆಗಸ್ಟ್ 20ರಂದು, ಪೂರ್ವ ಟೆಕ್ಸಸ್‌ನ ಪನೋಲಾ ಕೌಂಟಿಯ ಗ್ಯಾಲೊವೇ ಎಂಬ ಹಳ್ಳಿಯಲ್ಲಿ. ದೊಡ್ಡ ಸಂಸಾರ, ತಂದೆ ಬೇಗ ತೀರಿಕೊಂಡಿದ್ದರು. ಹುಡುಗನಿಗೆ ಬೇಸ್‌ಬಾಲ್ ಹುಚ್ಚು. ಚೆಂಡೆಸೆಯುವ ಆಟಗಾರನಾಗಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಕೆಳಹಂತದ ಬಳಗಕ್ಕೆ ಸೇರಿದ. ಕಾಲಿನ ನರಕ್ಕೆ ಪೆಟ್ಟು ಬಿದ್ದು ಆಟ ನಿಂತುಹೋಯಿತು. ಹೊಟ್ಟೆಪಾಡಿಗೆ ಹಿಡಿದದ್ದು ರೇಡಿಯೊ ಉದ್ಘೋಷಕನ ಕೆಲಸ: ಮೊದಲು ಟೆಕ್ಸಸ್‌ನ ಹೆಂಡರ್ಸನ್ ಊರಿನಲ್ಲಿ, ಆಮೇಲೆ ಲೂಸಿಯಾನದ ಶ್ರೀವ್‌ಪೋರ್ಟಿನ ಕೆಡಬ್ಲ್ಯೂಕೆಎಚ್ ಕೇಂದ್ರದಲ್ಲಿ. ಶನಿವಾರದ ‘ಲೂಸಿಯಾನ ಹೇರೈಡ್’ ಸಂಗೀತ ಕಾರ್ಯಕ್ರಮ ಪ್ರಸಾರವಾಗುತ್ತಿದ್ದದ್ದು ಅಲ್ಲಿಂದಲೇ. ಬರಬೇಕಿದ್ದ ಗಾಯಕರೊಬ್ಬರು ಬಾರದ ಒಂದು ರಾತ್ರಿ ರೀವ್ಸ್ ವೇದಿಕೆ ಹತ್ತಿದ ಎಂಬುದು ಅವನ ಬಗೆಗಿನ ಜನಪ್ರಿಯ ಕತೆ. 1953ರ ‘ಮೆಕ್ಸಿಕನ್ ಜೋ’ ಅವನಿಗೆ ಹೆಸರು ತಂದಿತು.

ಆ ಹಾಡನ್ನು ಈಗ ಕೇಳಿದರೆ ಇವನೇ ಅವನೇ ಎನಿಸುತ್ತದೆ. ಎತ್ತರದ ಸ್ಥಾಯಿ, ಜೋರು ಲಯ, ಕುಣಿಸುವ ಉಮೇದು. ಗದ್ದಲದ ಕುಡುಕರ ಸಭಾಂಗಣದಲ್ಲಿ ಕೊನೆಯ ಸಾಲಿನವರಿಗೂ ಕೇಳಿಸಬೇಕು ಎಂಬ ಹಳೆಯ ಟೆಕ್ಸಸ್ ಗಾಯಕರ ಕ್ರಮ ಅದು. ಆದರೆ ಉದ್ಘೋಷಕನಾಗಿ ಅವನು ವರ್ಷಗಟ್ಟಲೆ ಮಾಡಿದ್ದು ಅದಕ್ಕೆ ತದ್ವಿರುದ್ಧ ಕೆಲಸ. ಮೈಕಿನ ಮುಂದೆ ಒಬ್ಬನೇ ಕೂತು, ಅಡುಗೆಮನೆಯಲ್ಲೋ ಟ್ರಕ್ಕಿನಲ್ಲೋ ಇರುವ ಒಬ್ಬನೇ ಕೇಳುಗನಿಗೆ, ಒಂದೊಂದು ಪದವನ್ನೂ ಬಿಡಿಸಿ ಮಾತಾಡುವುದು. ಈ ಎರಡನ್ನೂ ಅವನು ಬೆಸೆದದ್ದು 1957ರಲ್ಲಿ, ‘ಫೋರ್ ವಾಲ್ಸ್’ ಹಾಡಿನಲ್ಲಿ. ನಿರ್ಮಾಪಕ ಚೆಟ್ ಆಟ್ಕಿನ್ಸ್‌ಗೆ ಅದು ಹೆಂಗಸರು ಹಾಡಬೇಕಾದ ಹಾಡು ಎನಿಸಿತ್ತು. ರೀವ್ಸ್ ಹಟ ಹಿಡಿದು ಹಾಡಿದ. ಸ್ಥಾಯಿ ಇಳಿಸಿದ, ದನಿ ತಗ್ಗಿಸಿದ, ಬಾಯನ್ನು ಮೈಕಿಗೆ ತಾಗುವಷ್ಟು ಹತ್ತಿರ ತಂದ. ಕಂಟ್ರಿ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಹಳೆಯ ಕೂಗುದನಿಗೆ ರೀವ್ಸ್ ಮತ್ತೆ ಮರಳಲಿಲ್ಲ.

ಮೈಕಿಗೆ ಹತ್ತಿರವಾದರೆ ದನಿಗೆ ಏನಾಗುತ್ತದೆ? ಒಂದು ದಿಕ್ಕಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕುಗಳಿಗೆ ಒಂದು ಗುಣವಿದೆ. ಬಾಯಿ ಹತ್ತಿರ ಬಂದಷ್ಟೂ ಅವು ದನಿಯ ಮಂದ್ರ ಭಾಗವನ್ನು ಹಿಗ್ಗಿಸಿ ತೋರಿಸುತ್ತವೆ. ಮೆಲ್ಲಗೆ ಹಾಡಿದರೂ ದನಿ ತುಂಬಿಕೊಂಡು ಬರುತ್ತದೆ, ಉಸಿರು ಕೇಳುತ್ತದೆ, ತುಟಿ ಕೂಡಿ ಬಿಡುವ ಸಣ್ಣ ಸದ್ದೂ ಕೇಳುತ್ತದೆ. 1925ರ ಹೊತ್ತಿಗೆ ವಿದ್ಯುತ್ ಮೈಕಿನ ಧ್ವನಿಮುದ್ರಣ ಬಂದ ಮೇಲೆ ಬಿಂಗ್ ಕ್ರಾಸ್ಬಿಯಂಥವರು ಇದನ್ನು ನಗರದ ಪಾಪ್ ಸಂಗೀತದಲ್ಲಿ ಬಳಸಿದ್ದರು. ಸಭೆಗೆ ಹಾಡುವುದು ಹೋಗಿ ಕಿವಿಗೆ ಹಾಡುವುದು ಶುರುವಾಗಿತ್ತು. ಕಂಟ್ರಿ ಸಂಗೀತದವರು ಬಹುಕಾಲ ಅದಕ್ಕೆ ಒಗ್ಗಿರಲಿಲ್ಲ. ರೀವ್ಸ್ ಒಗ್ಗಿಸಿದ.

‘ಹೀಲ್ ಹ್ಯಾವ್ ಟು ಗೋ’ ಹಾಡಿನಲ್ಲಿ ಈ ತಂತ್ರ ಕತೆಯ ಒಳಗೇ ಸೇರಿಕೊಂಡಿದೆ. ಪಾತ್ರಧಾರಿ ಫೋನಿಗೆ ಹತ್ತಿರವಾಗು ಎಂದು ಅವಳಿಗೆ ಹೇಳುವಾಗ ಗಾಯಕ ಮೈಕಿಗೆ ಹತ್ತಿರವಾಗಿ ನಿಂತಿದ್ದಾನೆ. ರೆಕಾರ್ಡ್ ಕೇಳುವವರಿಗೆ ಆ ಮಾತು ತಮ್ಮ ಕಿವಿಯಲ್ಲೇ ಆಡಿದಂತಿರುತ್ತದೆ. ಅಷ್ಟೇ ಅಲ್ಲ, ಇನ್ನೊಂದು ಸಂಗತಿ ಇದೆ, ನನಗೆ ತುಂಬ ಮುಖ್ಯವೆನಿಸುವುದು. ಫೋನ್ ತಂತಿಗಳು ದನಿಯನ್ನು ಪೂರ್ತಿಯಾಗಿ ಸಾಗಿಸುವುದಿಲ್ಲ. ಸರಿಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಪಟ್ಟಿಯನ್ನಷ್ಟೇ ದಾಟಿಸುತ್ತವೆ. ಮಾತು ತಿಳಿಯಲು ಅದು ಸಾಕು. ಗಂಡಸಿನ ಮಂದ್ರ ದನಿಯ ಮೂಲ ಕಂಪನವಾದರೋ ಸೆಕೆಂಡಿಗೆ ನೂರರ ಆಸುಪಾಸಿನದು. ತಂತಿಯಲ್ಲಿ ಅದು ಸೋಸಿಹೋಗುತ್ತದೆ. ಮೇಲಿನ ಸ್ವರಾಂಶಗಳಿಂದ ಕಿವಿ ಅದನ್ನು ಊಹಿಸಿಕೊಳ್ಳಬೇಕು ಅಷ್ಟೆ. ಹಾಗಾದರೆ ಹಾಡಿನ ಆ ಹೆಣ್ಣಿಗೆ ಕೇಳಿಸುತ್ತಿರುವುದು ತೆಳ್ಳಗಿನ, ಎದೆಯಿಲ್ಲದ ದನಿ. ಕೊನೆಯ ಪದದಲ್ಲಿ ರೀವ್ಸ್ ಇಳಿಯುವ ಆ ಆಳ ನಮಗೆ ಮಾತ್ರ ದಕ್ಕುವಂಥದ್ದು. ಅವನಲ್ಲಿರುವ ಬಯಕೆಯ ಪೂರ್ತಿ ತೂಕ ಅವಳ ಕಿವಿಯವರೆಗೆ ತಲುಪುತ್ತಲೇ ಇಲ್ಲ. ಹಾಡು ಕಟ್ಟಿದವರು ಇಷ್ಟು ಲೆಕ್ಕ ಹಾಕಿದ್ದರೆನ್ನಲು ಆಧಾರವಿಲ್ಲ, ಆದರೆ ಹಾಡು ಕೇಳುವಾಗ ಇದು ನೆನಪಾದರೆ ಎದೆ ಭಾರವಾಗುತ್ತದೆ.

ವಾದ್ಯಗಳ ಬಗ್ಗೆಯೂ ಹೇಳಬೇಕು. ಫ್ಲಾಯ್ಡ್ ಕ್ರೇಮರ್‌ನ ಪಿಯಾನೊ, ಮಾರ್ವಿನ್ ಹ್ಯೂಸ್‌ನ ವೈಬ್ರಫೋನ್, ಹ್ಯಾಂಕ್ ಗಾರ್ಲಂಡ್‌ನ ಗಿಟಾರ್, ಬಾಬ್ ಮೂರ್‌ನ ಬಾಸ್, ಬಡ್ಡಿ ಹಾರ್ಮನ್‌ನ ಡ್ರಮ್ಸ್, ಹಿನ್ನೆಲೆಯಲ್ಲಿ ಅನಿಟಾ ಕೆರ್ ಬಳಗದ ದನಿಗಳು. ಹಳ್ಳಿಯ ಪಿಟೀಲು ಇಲ್ಲ, ಅಳುವಂತೆ ಜಾರುವ ಸ್ಟೀಲ್ ಗಿಟಾರ್ ಇಲ್ಲ. ವೈಬ್ರಫೋನಿನ ಲೋಹದ ಪಟ್ಟಿಗಳು ಅಲ್ಲೊಂದು ಇಲ್ಲೊಂದು ಮಿನುಗಿ ಸುಮ್ಮನಾಗುತ್ತವೆ. ಒಬ್ಬರೂ ಗಾಯಕನ ಮೇಲೆ ಬೀಳುವುದಿಲ್ಲ. ನ್ಯಾಶ್‌ವಿಲ್‌ನ ಈ ವಾದಕರು ದಿನಕ್ಕೆ ಹಲವು ಹಾಡು ನುಡಿಸುತ್ತಿದ್ದ ಕಸುಬುದಾರರು. ಯಾವಾಗ ನುಡಿಸಬಾರದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾರಿನ ಗದ್ದಲವನ್ನೋ ಫೋನಿನ ಗಂಟೆಯನ್ನೋ ಅನುಕರಿಸುವ ಆಸೆ ಬೇರೆ ಯಾರಿಗಾದರೂ ಹುಟ್ಟುತ್ತಿತ್ತು. ಇಲ್ಲಿ ಆ ಗೋಜೇ ಇಲ್ಲ. ಜೂಕ್‌ಬಾಕ್ಸಿನ ಸದ್ದು ಆಗಲೇ ತಗ್ಗಿದೆ ಎಂಬಂತೆ ಇಡೀ ವಾದ್ಯಮೇಳ ಸದ್ದಡಗಿ ನಡೆಯುತ್ತದೆ.

ಈ ಶೈಲಿಗೆ ‘ನ್ಯಾಶ್‌ವಿಲ್ ಸೌಂಡ್’ ಎಂದು ಹೆಸರು. ಅದರ ಹಿಂದೆ ವ್ಯಾಪಾರದ ಆತಂಕವಿತ್ತು. 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಬಂದಪ್ಪಳಿಸಿದ ಮೇಲೆ ಎಳೆಯರೆಲ್ಲ ರಾಕ್ ಅಂಡ್ ರೋಲ್ ಕಡೆ ವಾಲಿದರು, ಕಂಟ್ರಿ ಹಾಡುಗಳಿಗೆ ರೇಡಿಯೊದಲ್ಲಿ ಜಾಗ ಕಡಿಮೆಯಾಗುತ್ತ ಬಂತು. 1961ರಲ್ಲಿ ಇಡೀ ಅಮೆರಿಕದಲ್ಲಿ ದಿನಪೂರ್ತಿ ಕಂಟ್ರಿ ಸಂಗೀತ ಹಾಕುವ ಕೇಂದ್ರಗಳು ಉಳಿದಿದ್ದದ್ದು ಎಂಬತ್ತರಷ್ಟು. ಚೆಟ್ ಆಟ್ಕಿನ್ಸ್, ಓವನ್ ಬ್ರಾಡ್ಲಿ ಮುಂತಾದ ನಿರ್ಮಾಪಕರು ಹಳ್ಳಿಯ ಒರಟುತನ ಕಳೆದು, ನಗರದ ನಡುವಯಸ್ಕರಿಗೂ ಹಿಡಿಸುವಂತೆ ಹಾಡುಗಳನ್ನು ನಯಗೊಳಿಸಿದರು. ಬೇರು ಕಿತ್ತರು, ಮಾರಾಟಕ್ಕಾಗಿ ಮಣ್ಣಿನ ವಾಸನೆ ತೊಳೆದರು ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ. ದೂರಿನಲ್ಲಿ ಸತ್ಯವಿದೆ. ಅದೇ ಅಚ್ಚಿನಲ್ಲಿ ಬಂದ ಎಷ್ಟೋ ರೆಕಾರ್ಡುಗಳು ಸಕ್ಕರೆ ಪಾಕದಲ್ಲಿ ಅದ್ದಿದಂತಿವೆ, ಎರಡನೆಯ ಸಲ ಕೇಳಲಾಗುವುದಿಲ್ಲ. ಈ ಹಾಡಿನ ಮಾತು ಬೇರೆ. ಇಲ್ಲಿ ನಯ ಹೊರಗಿನ ಲೇಪವಲ್ಲ. ಇದು ಪಿಸುಮಾತಿನ ಹಾಡು, ಪಿಟೀಲು ಹಿಡಿದು ಹಿಗ್ಗಿಸಿದ್ದರೆ ಸತ್ತುಹೋಗುತ್ತಿತ್ತು.

ಆರ್‌ಸಿಎ ಕಂಪನಿ ರೆಕಾರ್ಡಿನ ಮುಖ್ಯ ಬದಿಗೆ ಹಾಕಿದ್ದು ‘ಇನ್ ಎ ಮ್ಯಾನ್ಷನ್ ಸ್ಟ್ಯಾಂಡ್ಸ್ ಮೈ ಲವ್’ ಎಂಬ ಬೇರೊಂದು ಹಾಡನ್ನು. ನಮ್ಮ ಹಾಡು ಹಿಂಬದಿಯಲ್ಲಿತ್ತು. ರೇಡಿಯೊದವರು ತಟ್ಟೆ ಮಗುಚಿ ಹಿಂಬದಿಯನ್ನೇ ಹಾಕತೊಡಗಿದರು. ಸದ್ದು ತಗ್ಗಿಸಿ ಎಂದು ಬೇಡುವ ಹಾಡು ಬಾರು ಬಾರಿನ ಜೂಕ್‌ಬಾಕ್ಸುಗಳಲ್ಲಿ ಮೊಳಗಿತು.

ಅಮೆರಿಕದ ಹಾಡುಲೋಕದಲ್ಲಿ ಆಗ ಉತ್ತರದ ಹಾಡು ಎಂಬ ರೂಢಿ ಇತ್ತು. ಒಂದು ಹಾಡು ಗೆದ್ದರೆ, ಅದರೊಳಗಿನ ಇನ್ನೊಂದು ಪಾತ್ರದ ಮಾತನ್ನು ಅದೇ ಮಟ್ಟಿನಲ್ಲಿ ಮತ್ತೊಬ್ಬರು ಹಾಡುವುದು. 1960ರಲ್ಲೇ ಜೀನ್ ಬ್ಲ್ಯಾಕ್ ಎಂಬ ಗಾಯಕಿ ‘ಹೀಲ್ ಹ್ಯಾವ್ ಟು ಸ್ಟೇ’ ಹಾಡಿದಳು. ಆ ಕಡೆಯ ಹೆಣ್ಣು ಬಾಯಿಬಿಟ್ಟಳು: ನೀನು ತಡಮಾಡಿದೆ, ಕಾದು ಕಾದು ಸಾಕಾಯಿತು, ಈಗ ಇವನೇ ಇರುತ್ತಾನೆ ಎಂಬ ಧಾಟಿಯ ಉತ್ತರ. ಹಾಟ್ 100 ಪಟ್ಟಿಯಲ್ಲಿ ಅದೂ ನಾಲ್ಕನೆಯ ಸ್ಥಾನ ತಲುಪಿತು. ಅವಳ ಕಡೆಯ ನ್ಯಾಯವನ್ನು ಯಾರಾದರೂ ಹೇಳಬೇಕಿತ್ತು, ಅದು ಸರಿ. ಬಾರಿನಿಂದ ತಡರಾತ್ರಿ ಫೋನ್ ಮಾಡುವ ಗಂಡಸಿಗೆ ಪೂರ್ವಚರಿತ್ರೆ ಇದ್ದೇ ಇರುತ್ತದೆ. ಇವನು ಮೊದಲು ಎಲ್ಲಿ ಹೋಗಿದ್ದ ಎಂದು ಕೇಳಲು ಅವಳಿಗೆ ಹಕ್ಕಿದೆ. ಆದರೆ ಉತ್ತರ ಸಿಕ್ಕಿದೊಡನೆ ಕಾತರ ಮುಗಿದು ಅದು ಸಾಮಾನ್ಯ ಜಗಳವಾಗುತ್ತದೆ. ಜೀನ್ ಬ್ಲ್ಯಾಕ್ ಹಾಡು ಇಂದು ಹಳೆಯ ಪಟ್ಟಿ ನೋಡುವವರಿಗಷ್ಟೇ ಪರಿಚಿತ.

ಬೇರೆಯವರೂ ಈ ಹಾಡನ್ನು ಹಾಡಿದರು. ರೈ ಕೂಡರ್ 1976ರಲ್ಲಿ ಫ್ಲಾಕೊ ಹಿಮೆನೆಸ್‌ನ ಅಕಾರ್ಡಿಯನ್ ಜೊತೆ ಅದನ್ನು ಟೆಕ್ಸಸ್ ಮತ್ತು ಮೆಕ್ಸಿಕೊ ಗಡಿಯ ಕುಣಿತಕ್ಕೆ ಒಗ್ಗಿಸಿದ, ಸೊಗಸಾಗಿದೆ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಎಲ್ವಿಸ್ ತನ್ನ ಮನೆ ಗ್ರೇಸ್‌ಲ್ಯಾಂಡಿನಲ್ಲೇ ಧ್ವನಿಮುದ್ರಿಸಿದ. ಅವನ ಕೊನೆಯ ಧ್ವನಿಮುದ್ರಣಗಳಲ್ಲಿ ಅದೊಂದು. ದಣಿದ, ದೊಡ್ಡದಾದ ದನಿ. ಇಡೀ ಸಭಾಂಗಣಕ್ಕೆ ಹಾಡುವ ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ.

ರೀವ್ಸ್‌ಗೆ ಇದೆಲ್ಲ ನೋಡಲು ಆಯುಷ್ಯವಿರಲಿಲ್ಲ. 1964ರ ಜುಲೈ 31ರಂದು ಅರ್ಕಾನ್ಸಾದಿಂದ ನ್ಯಾಶ್‌ವಿಲ್‌ಗೆ ತನ್ನ ಪುಟ್ಟ ಬೀಚ್‌ಕ್ರಾಫ್ಟ್ ವಿಮಾನವನ್ನು ತಾನೇ ನಡೆಸಿಕೊಂಡು ಬರುವಾಗ ಗುಡುಗುಮಳೆಗೆ ಸಿಕ್ಕಿದ. ಜೊತೆಗಿದ್ದವನು ಅವನ ಪಿಯಾನೊ ವಾದಕ ಡೀನ್ ಮ್ಯಾನ್ಯುಯಲ್. ಬ್ರೆಂಟ್‌ವುಡ್ ಬಳಿಯ ಕಾಡಿನಲ್ಲಿ ವಿಮಾನದ ಅವಶೇಷ ಸಿಕ್ಕಿದ್ದು ಎರಡು ದಿನಗಳ ಹುಡುಕಾಟದ ನಂತರ. ರೀವ್ಸ್‌ಗೆ ನಲವತ್ತು ವರ್ಷ. ಹೆಂಡತಿ ಮೇರಿ, ಉಳಿದಿದ್ದ ಧ್ವನಿಮುದ್ರಣಗಳನ್ನು ಒಂದೊಂದಾಗಿ ಹೊರತರುತ್ತ ಹೋದಳು. 1966ರಲ್ಲಿ ‘ಡಿಸ್ಟಂಟ್ ಡ್ರಮ್ಸ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1981ರಲ್ಲಿ ಅವನ ದನಿಯನ್ನು ಪ್ಯಾಟ್ಸಿ ಕ್ಲೈನ್ ದನಿಯೊಂದಿಗೆ ಸ್ಟುಡಿಯೊದಲ್ಲಿ ಹೊಸೆದು ಯುಗಳಗೀತೆಯನ್ನೇ ಮಾಡಿದರು. ಆಕೆಯೂ 1963ರ ಮಾರ್ಚ್‌ನಲ್ಲಿ ವಿಮಾನ ದುರಂತದಲ್ಲೇ ತೀರಿಕೊಂಡಿದ್ದವಳು.

ನಾರ್ವೆ, ದಕ್ಷಿಣ ಆಫ್ರಿಕಾ, ಶ್ರೀಲಂಕಾ, ಭಾರತ, ಹೀಗೆ ಅಮೆರಿಕದ ಹೊರಗೆ ಅವನಿಗೆ ಸಿಕ್ಕ ಪ್ರೀತಿ ಕಂಟ್ರಿ ಗಾಯಕರಲ್ಲಿ ಅಪರೂಪ. ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕಾನ್ಸ್ ಭಾಷೆಯಲ್ಲೇ ಹಾಡಿ, 1963ರಲ್ಲಿ ‘ಕಿಂಬರ್ಲಿ ಜಿಮ್’ ಎಂಬ ಸಿನಿಮಾದಲ್ಲೂ ನಟಿಸಿದ. ನಮ್ಮಲ್ಲಿ ಕೋಲಾರದ ಚಿನ್ನದ ಗಣಿ, ಹುಬ್ಬಳ್ಳಿಯ ರೈಲ್ವೆ ಕಾಲೊನಿ, ಬೆಂಗಳೂರಿನ ಕುಕ್ ಟೌನ್, ಫ್ರೇಜರ್ ಟೌನ್‌ಗಳ ಆಂಗ್ಲೋ ಇಂಡಿಯನ್ ಮನೆಗಳಲ್ಲಿ, ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಅವನು ಮನೆಯವನೇ. 1963ರ ಅವನ ಕ್ರಿಸ್‌ಮಸ್ ಹಾಡುಗಳ ತಟ್ಟೆ, ಆಮೇಲೆ ಅದರ ಕ್ಯಾಸೆಟ್, ಡಿಸೆಂಬರ್ ಬಂದರೆ ಹೊರಗೆ ಬರಲೇಬೇಕು. ಹಬ್ಬಕ್ಕೆ ಬಂದ ದನಿ ಮಿಕ್ಕ ದಿನಗಳಿಗೂ ಉಳಿದುಕೊಂಡು ಪ್ರೇಮದ ಹಾಡುಗಳನ್ನೂ ಪರಿಚಯಿಸಿತು. ಇಲ್ಲಿ ಅವನು ಇಷ್ಟು ಆಪ್ತನಾಗಲು ನನಗೆ ಕಾಣುವ ಕಾರಣ ಆ ಹಳೆಯ ಉದ್ಘೋಷಕನೇ. ನಿಧಾನ, ಸ್ಪಷ್ಟ ಉಚ್ಚಾರ, ನುಂಗದ ಪದಾಂತ್ಯ. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರಿಗೂ ಒಂದು ಪದ ತಪ್ಪದೆ ಸಿಗುತ್ತದೆ, ಜೊತೆಗೆ ಹಾಡಲೂ ಬರುತ್ತದೆ.

ಈ ಹಾಡು ಅಮೆರಿಕವನ್ನು ಆವರಿಸಿದ 1960ರಲ್ಲೇ ಭಾರತದಲ್ಲಿ ಕಾನ್ಪುರ ಮತ್ತು ಲಖನೌ ನಡುವೆ ಮೊದಲ ಎಸ್‌ಟಿಡಿ ಸಂಪರ್ಕ ಶುರುವಾಯಿತು. ಉಳಿದ ಊರುಗಳಲ್ಲಿ ದೂರದ ಕರೆ ಎಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುವುದು, ಸಿಕ್ಕಿದ ಮೇಲೆ ಆಪರೇಟರಿಗೂ ಕೇಳಿಸುವಂತೆ ಕಿರುಚುವುದು. ಅಂಥ ಕಾಲದಲ್ಲಿ ಇಲ್ಲಿನ ಕೇಳುಗರಿಗೆ ಫೋನಿನಲ್ಲಿ ಪಿಸುಗುಡುವ ಪ್ರೇಮಿ ಎಷ್ಟು ದೂರದ ಲೋಕದವನಾಗಿ ಕಂಡಿರಬೇಡ. ಆದರೂ ಹಾಡು ಹತ್ತಿರವೇ ಇತ್ತು, ಮೂರನೆಯವರ ಎದುರು ಹೇಳಲಾಗದ ಮಾತು ಯಾವ ಊರಿನಲ್ಲಿ ತಾನೇ ಇಲ್ಲ?

ಇದನ್ನು ಈವರೆಗೆ ಕೇಳದವರಿಗೆ ಒಂದು ಸೂಚನೆ. ರೀವ್ಸ್ ತೀರಿಕೊಂಡ ಮೇಲೆ ಅವನ ಅನೇಕ ಹಾಡುಗಳಿಗೆ ಹೊಸದಾಗಿ ತಂತಿವಾದ್ಯ, ಹಿನ್ನೆಲೆ ದನಿ ಸೇರಿಸಿದ ಆವೃತ್ತಿಗಳು ಬಂದಿವೆ. 1959ರ ಮೂಲ ಧ್ವನಿಮುದ್ರಣವನ್ನೇ ಹುಡುಕಿಕೊಳ್ಳಿ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ಮಂದ್ರ ಎಟುಕುವುದಿಲ್ಲ, ಹೆಡ್‌ಫೋನ್ ಬೇಕು.